ನರಸಮ್ಮನ ಬೀದಿಯ ನಾಷ್ಟಿಕ

ನಮ್ಮ ಅಡುಗೆಮನೆಯಲ್ಲಿ ನಮ್ಮದಲ್ಲದ ಸ್ಟೀಲ್ ಡಬ್ಬಿಗಳು ಹನ್ನೊಂದಿವೆ. ಆಣೆ ಇಡೋಣವೆಂದರೆ ನನಗೆ ದೇವರಿಲ್ಲ. ಆದರೂ ನಂಬಿ, ಒಂದನ್ನೂ ನಾನು ಕದ್ದಿಲ್ಲ. ಮೊನ್ನೆ ಗೋಡೆಗೆ ಸುಣ್ಣ ಹೊಡೆಸಲು ಅಟ್ಟದ ಸಾಮಾನು ಇಳಿಸಿದಾಗ ಎಣಿಸಿದೆ. ಒಂದೊಂದರ ಹೊಟ್ಟೆಯ ಮೇಲೂ ಚುಕ್ಕೆ ಹೊಡೆದು ಕೊರೆದ ತೆಲುಗು ಅಕ್ಷರದಲ್ಲಿ ಬೇರೆಯವರ ಹೆಸರು. ಸುಣ್ಣ ಹೊಡೆಯಲು ಬಂದವನು ಡಬ್ಬಿಗಳನ್ನೂ ನನ್ನನ್ನೂ ನೋಡಿ, "ಚೀಟಿ ಹಾಕಿ ಪಾತ್ರೆ ಗೆದ್ದಿದ್ರಾ ಸಾರ್?" ಅಂದ. ಅವನಿಗೆ ಏನಂತ ಹೇಳಲಿ? ಇವು ಹಿಂದೂಪುರದಲ್ಲಿ ನಾನು ಕಳೆದ ಮೂವತ್ತು ವರ್ಷಗಳ ಹಬ್ಬಗಳು ಕಣಯ್ಯಾ ಅನ್ನಬೇಕಾಗಿತ್ತು.

ನಿಮಗೂ ಗೊತ್ತಿರುವ ಪದ್ಧತಿಯೇ. ನೆರೆಮನೆಯಿಂದ ಡಬ್ಬಿಯಲ್ಲಿ ಒಬ್ಬಟ್ಟೋ ಪುಳಿಯೋಗರೆಯೋ ಬಂದರೆ ಡಬ್ಬಿಯನ್ನು ಖಾಲಿ ವಾಪಸು ಕೊಡುವ ಹಾಗಿಲ್ಲ. ನಿಮ್ಮ ಮನೆಯ ಹಬ್ಬಕ್ಕೆ ನೀವು ಮಾಡಿದ್ದನ್ನು ಅದರಲ್ಲಿ ತುಂಬಿ ಕಳಿಸಬೇಕು. ಹೀಗೆ ಎಲ್ಲರ ಡಬ್ಬಿಯೂ ವರ್ಷವಿಡೀ ಬೀದಿಯಲ್ಲಿ ಓಡಾಡಿಕೊಂಡಿರುತ್ತದೆ. ಆದರೆ ನನ್ನ ಮನೆಗೆ ಬಂದ ಡಬ್ಬಿ ನಿಂತೇ ಹೋಗುತ್ತದೆ, ಯಾಕೆಂದರೆ ನನಗೆ ಹಬ್ಬವೇ ಇಲ್ಲ. ಒಮ್ಮೆ ಮನಸ್ಸು ಚುಚ್ಚಿ, ಬೇಕರಿಯಿಂದ ಖಾರಾ ಬಿಸ್ಕತ್ತು ತಂದು ತುಂಬಿ ಎದುರುಮನೆಯ ನರಸಮ್ಮನಿಗೆ ಕೊಟ್ಟೆ.

"ಏನಪ್ಪಾ ವಿಶೇಷ?" ಅಂದಳು.

"ವಿಶೇಷ ಏನಿಲ್ಲಮ್ಮ. ಇವತ್ತು ಶನಿವಾರ, ಅಷ್ಟೇ."

"ಓ, ವೆಂಕಟರಮಣಸಾಮಿದಾ!" ಎಂದವಳೇ ಖಾರಾ ಬಿಸ್ಕತ್ತನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅಂದಿನಿಂದ ಡಬ್ಬಿ ವಾಪಸು ಮಾಡುವ ಸಾಹಸವನ್ನೇ ಬಿಟ್ಟೆ.

ಇನ್ನೊಂದು ತಮಾಷೆ, ನನ್ನ ಹೆಸರು ತಿರುಮಲೇಶ. ಕಸುಬು ರೇಷ್ಮೆ ಸೀರೆಗೆ ಅಂಚು ಬರೆಯುವುದು. ಹಿಂದೆ ಗೀಟಿನ ಹಾಳೆಯ ಮೇಲೆ ಚೌಕ ತುಂಬುತ್ತಿದ್ದೆ, ಈಗ ಕಂಪ್ಯೂಟರಿನ ಮುಂದೆ ಕೂತು ತುಂಬುತ್ತೇನೆ. ನಾನು ಬರೆದದ್ದನ್ನು ನೋಡಿ ಮಗ್ಗ ನೇಯುತ್ತದೆ. ನೇಯಿಸುವವರು ಕೇಳುವುದಾದರೂ ಏನನ್ನು? ಗೋಪುರ, ಶಂಖ, ಚಕ್ರ, ರುದ್ರಾಕ್ಷಿ. ದಿನಕ್ಕೆ ಹತ್ತು ಗಂಟೆ ಗೋಪುರದ ಮೇಲೆ ಗೋಪುರ ಕಟ್ಟಿ ಕಣ್ಣಿಗೆ ಕನ್ನಡಕ ಬಂದಿದೆ. ನಮ್ಮ ಪವರ್‌ಲೂಮ್ ಮೆಕ್ಯಾನಿಕ್ ಮಸ್ತಾನ್, ನನ್ನ ಜೀವದ ಗೆಳೆಯ, ಐದು ಹೊತ್ತಿನ ನಮಾಜು ತಪ್ಪಿಸದವನು, "ಅರೇ ಭಾಯ್, ಈ ತಾಲ್ಲೂಕಲ್ಲಿ ನಿನ್ನಷ್ಟು ಗುಡಿ ಕಟ್ಟಿದವನು ಇನ್ನೊಬ್ಬ ಇಲ್ಲ" ಎಂದು ಕಿಚಾಯಿಸುತ್ತಾನೆ.

ನಾನು ನಾಸ್ತಿಕನಾದದ್ದು ದೊಡ್ಡ ಪುಸ್ತಕ ಓದಿ ಅಲ್ಲ. ಹಾಗೆ ಹೇಳಿಕೊಂಡರೆ ಗೌರವ ಬರುತ್ತದೆಂದು ಗೊತ್ತು, ಆದರೆ ನಿಜ ಬೇರೆ. ನಾನು ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತೆಲುಗು. ಬಸ್ಸು ಹೇಗೆ ಅಲ್ಲಿಂದ ಹೊರಟು ಒಂದು ಸಲ ಕರ್ನಾಟಕಕ್ಕೆ ನುಗ್ಗಿ ಮತ್ತೆ ಆಂಧ್ರಕ್ಕೆ ಬಂದು ಹಿಂದೂಪುರ ಸೇರುತ್ತದೋ, ನಮ್ಮ ಮಾತೂ ಹಾಗೆಯೇ. ನನಗೆ ಆರು ವರ್ಷವಿರಬೇಕು. ಅಮ್ಮ ನೈವೇದ್ಯಕ್ಕೆಂದು ಬೆಲ್ಲ ಕಡಲೆ ಇಟ್ಟು ನೀರಿಗೆ ಹೋಗಿದ್ದಳು. ನಾನು ದೇವರಿಗಿಂತ ಮೊದಲೇ ಒಂದು ಹಿಡಿ ತಿಂದುಬಿಟ್ಟೆ. ಪಕ್ಕದ ಮನೆಯ ತೆಲುಗಜ್ಜಿ ಕಿಟಕಿಯಿಂದ ನೋಡಿ ಕಿರುಚಿದಳು: "ಒರೇಯ್, ಕಳ್ಳು ಪೋತಾಯ್ ರಾ!"

ಕಣ್ಣು ಹೋಗುತ್ತವೆ ಕಣೋ ಎಂದು ಅವಳ ಶಾಪ. ನನಗೆ ಆಗಿನ್ನೂ ತೆಲುಗು ಅರೆಬರೆ. ಕಳ್ಳು ಅಂದರೆ ನಮ್ಮ ಮಾವ ಸಂಜೆ ಸಂಜೆ ಕುಡಿದು ಬರುತ್ತಿದ್ದ ಕಳ್ಳು ಎಂದೇ ನಾನು ತಿಳಿದದ್ದು. ಹೋದರೆ ಹೋಗಲಿ, ಅಮ್ಮನಿಗೂ ಅದೇ ಬೇಕಾಗಿತ್ತಲ್ಲ ಎಂದುಕೊಂಡು ಇನ್ನೊಂದು ಹಿಡಿ ತಿಂದೆ. ಆ ಸಂಜೆ ಮಾವ ಎಂದಿನಂತೆ ತೂರಾಡಿಕೊಂಡೇ ಬಂದ. ದೇವರ ಕೈಯಲ್ಲಿ ಏನೂ ಆಗುವುದಿಲ್ಲ ಎಂಬ ಅನುಮಾನ ನನಗೆ ಮೊದಲು ಬಂದದ್ದು ಆವತ್ತು. ಅರ್ಥ ಗೊತ್ತಾದ ಮೇಲೂ ಒಂದೆರಡು ವರ್ಷ ಕದ್ದು ತಿಂದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು, ಅದನ್ನು ಮುಚ್ಚಿ ಇದರಲ್ಲಿ ನೋಡುವುದು ನಡೆದೇ ಇತ್ತು. ಎರಡೂ ಕಣ್ಣು ಗಟ್ಟಿಮುಟ್ಟಾಗಿದ್ದವು. ಭಕ್ತಿ ಮಾತ್ರ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಇಂಥವನು ಹಿಂದೂಪುರಕ್ಕೆ ಬಂದು ಬಾಡಿಗೆಗೆ ಮನೆ ಹುಡುಕಿದರೆ ಯಾರು ಕೊಡುತ್ತಾರೆ ಎಂಬ ಭಯ ನನಗಿತ್ತು. ಮನೆಯ ಯಜಮಾನರು ದೇವರ ಗೂಡು ತೋರಿಸಿ, ನಿಮ್ಮ ಮನೆದೇವರು ಯಾರು ಎಂದು ತೆಲುಗಿನಲ್ಲಿ ಕೇಳಿದರು. ಯಾರೂ ಇಲ್ಲ ಎಂದೆ. ಅವರು ಮರುಕದಿಂದ, "ದಾನಿದೇಮುಂದಿ, ಮಾದೇ ಪೆಟ್ಟುಕೋ" ಅಂದರು. ಅದಕ್ಕೇನಂತೆ, ನಮ್ಮದನ್ನೇ ಇಟ್ಟುಕೋ! ಮನೆಯ ಜೊತೆ ದೇವರೂ ಬಾಡಿಗೆಗೆ ಬಂತು. ಆ ಗೂಡಿನಲ್ಲಿ ನಾನು ಪೆನ್ಸಿಲ್ಲು, ರಬ್ಬರು, ಮಂಡಿನೋವಿನ ಮುಲಾಮು ಇಟ್ಟೆ. ಅವರು ಅದನ್ನು ನೋಡಿ, ಬಾಡಿಗೆ ಎಣಿಸಿಕೊಂಡು ಹೋದರು. ಆ ಮನೆಯನ್ನೇ ಮುಂದೆ ನಾನು ಕೊಂಡುಕೊಂಡೆ. ಮದುವೆಯಾಗದ ಒಂಟಿ ಗೂಳಿಗೆ ಅಷ್ಟು ಜಾಗ ಸಾಕು.

ಬೀದಿಯವರು ತೀರ್ಥಯಾತ್ರೆಗೆ ಹೊರಟರೆ ನಾನಿಲ್ಲದೆ ವ್ಯಾನು ಹೊರಡುವುದಿಲ್ಲ. ಭಕ್ತರೆಲ್ಲ ಒಳಗೆ ಹೋದ ಮೇಲೆ ಚಪ್ಪಲಿ, ಮೊಬೈಲು, ನೀರಿನ ಬಾಟಲಿ ಕಾಯುವವನು ಬೇಕಲ್ಲ. ಲೇಪಾಕ್ಷಿ, ಕದಿರಿ, ತಿರುಪತಿ, ಎಲ್ಲವನ್ನೂ ನಾನು ಹೊರಗಿನಿಂದ ನೋಡಿದ್ದೇನೆ. ಯಾವ ದೇವಸ್ಥಾನದ ಎದುರು ಎಷ್ಟು ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆ, ಯಾರ ಅಂಗಡಿಯ ಚಹಾ ಗಟ್ಟಿ ಎಂಬುದನ್ನು ನನ್ನಷ್ಟು ಬಲ್ಲವರು ಇಲ್ಲ. ಬರುವಾಗ ಎಲ್ಲರಿಗಿಂತ ದೊಡ್ಡ ಲಡ್ಡು ನನಗೆ. "ಚಪ್ಪಲಿ ಕಾದ ಪುಣ್ಯ ಕಮ್ಮಿಯೇನ್ಲಾ" ಎಂದು ಅದನ್ನು ಕೊಡುತ್ತಿದ್ದವಳು ನರಸಮ್ಮ.

ನರಸಮ್ಮನ ವಿಷಯಕ್ಕೆ ಈಗ ಬರಲೇಬೇಕು, ಡಬ್ಬಿಗಳಲ್ಲಿ ನಾಲ್ಕು ಅವಳವೇ. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ ಹಾಕಿ, ಐದಾರು ಹೆಂಗಸರನ್ನು ಇಟ್ಟುಕೊಂಡು, ಮಗ್ಗದವರಿಗೆ ಲಾಳಿಯೊಳಗಿನ ಕೊಳವೆಗೆ ನೂಲು ಸುತ್ತಿಕೊಡುವ ಕೆಲಸ ನಡೆಸುತ್ತಾಳೆ. ಒಬ್ಬಳೇ ಮಗಳು ಲಕ್ಷ್ಮಿಯನ್ನು ಚಿಲಮತ್ತೂರಿಗೆ ಕೊಟ್ಟಿದ್ದಾಳೆ. ನಾನು ಬಂದ ಹೊಸದರಲ್ಲಿ ಒಂದು ಏಕಾದಶಿಯ ದಿನ ಅವಳು ತೀರ್ಥ ಕೊಡಲು ಬಂದಳು. ನಾನು ಆಗ ವಯಸ್ಸಿನ ಬಿಸಿಯಲ್ಲಿದ್ದೆ. ಎದೆಯುಬ್ಬಿಸಿ, "ನಾನು ನಾಸ್ತಿಕ ಕಣಮ್ಮ" ಎಂದುಬಿಟ್ಟೆ. ಅದೇ ಹೊತ್ತಿಗೆ ಮಸ್ತಾನ್ ಗೇಟಿನಲ್ಲಿ ಸೈಕಲ್ ನಿಲ್ಲಿಸಿ, ದಿನಾ ಕೇಳುವ ಹಾಗೆ, "ಕ್ಯಾ ಭಾಯ್, ನಾಷ್ಟಾ ಹೋಗಯಾ?" ಎಂದು ಕೂಗಿದ.

ನರಸಮ್ಮ ನನ್ನನ್ನೂ ಅವನನ್ನೂ ನೋಡಿ ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನಪ್ಪಾ, ನಾಷ್ಟಿಕನಾ ನೀನು! ಮೊದ್ಲೇ ಹೇಳ್ಬಾರ್ದಾ? ಬಂದ್ಬುಟ್ಟೆ ಇರು" ಎಂದು ಓಡಿಹೋಗಿ ಹತ್ತು ನಿಮಿಷದಲ್ಲಿ ಬಿಸಿ ಬಿಸಿ ಉಪ್ಪಿಟ್ಟು ತಂದಳು. ಬೆಳಿಗ್ಗೆ ನಾಷ್ಟಾ ಇಲ್ಲದಿದ್ದರೆ ಜೀವ ನಿಲ್ಲದ, ಉಪವಾಸ ತಡೆಯಲಾರದ ಒಂದು ಬಗೆಯ ಮನುಷ್ಯ ಎಂದು ಅವಳ ತಿಳುವಳಿಕೆ. ಪಿತ್ತದ ಮೈ ಇರುತ್ತದಲ್ಲ, ಹಾಗೆ. ತಾನು ನೀರೂ ಮುಟ್ಟದ ದಿನ ಒಲೆ ಹಚ್ಚಿ ನನಗೆ ಮಾಡಿಕೊಟ್ಟಿದ್ದಳು. ಉಪ್ಪಿಟ್ಟಿನ ಘಮಕ್ಕೆ ನನ್ನ ಸಿದ್ಧಾಂತವೆಲ್ಲ ಕರಗಿ, ತಿದ್ದುವ ಮನಸ್ಸಾಗಲಿಲ್ಲ. ಬೀದಿಗೆಲ್ಲ ಸುದ್ದಿಯಾಯಿತು. ಶಿವರಾತ್ರಿಯಾಗಲಿ, ಏಕಾದಶಿಯಾಗಲಿ, ಊರೆಲ್ಲ ಹೊಟ್ಟೆ ಕಟ್ಟಿಕೊಂಡಿರುವ ದಿನ ನನ್ನ ಬಾಗಿಲಿಗೆ ಮಾತ್ರ ಡಬ್ಬಿ. "ಪಾಪ, ನಾಷ್ಟಿಕ ಕಣಮ್ಮ, ತಡೆಯಾಕಾಗಲ್ಲ ಅದುಕ್ಕೆ" ಎಂದು ಹೆಂಗಸರು ಮಾತಾಡಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ದೇವರಿಲ್ಲವೆಂದು ಹೇಳಿ ಏಟು ತಿಂದವರಿದ್ದಾರೆ. ನಾನು ಉಪ್ಪಿಟ್ಟು ತಿಂದೆ. ಈ ಬೀದಿಯ ಋಣ ನನ್ನ ಮೇಲೆ ಹೇಗಿದೆ ಎಂದು ನಿಮಗೆ ಇದರಲ್ಲೇ ತಿಳಿಯಬೇಕು.

ಹೋದ ವರ್ಷ ನರಸಮ್ಮನ ಬಲಮಂಡಿ ಪೂರಾ ಸವೆದುಹೋಗಿ ಬೆಂಗಳೂರಿನಲ್ಲಿ ಆಪರೇಷನ್ ಎಂದಾಯಿತು. ಮಗಳು ಲಕ್ಷ್ಮಿ ಜೊತೆಗೆ ಹೊರಡುವವಳು. ಹೊರಡಲು ನಾಲ್ಕು ದಿನವಿರುವಾಗ ನರಸಮ್ಮ ನನ್ನನ್ನು ಕರೆಸಿ, ಯಂತ್ರಗಳ ಸದ್ದಿನಿಂದ ದೂರ ದೇವರ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಸಿ ಕೂರಿಸಿದಳು. ಒಳಗೆ ಕದಿರಿ ನರಸಿಂಹಸಾಮಿಯ ದೊಡ್ಡ ಪಟ, ಮುಂದೆ ಹಿತ್ತಾಳೆ ದೀಪ.

"ಈ ಮನೆಗೆ ಸೊಸೆಯಾಗಿ ಬಂದಾಗಿಂದ ಈ ದೀಪ ಎರಡು ಹೊತ್ತೂ ತಪ್ಪಿಲ್ಲ ಕಣಪ್ಪ. ನಾನು ಬರೋಗಂಟ ನೀನು ಹಚ್ಬೇಕು."

ನಾನು ಬೆಚ್ಚಿಬಿದ್ದೆ. "ನಾನಾ? ಕೆಲಸಕ್ಕೆ ಬರೋ ಹೆಂಗಸರಿದ್ದಾರಲ್ಲಮ್ಮ."

"ಅವ್ರು ಬ್ಯಾಡ. ಅವ್ರು ಕೇಳ್ತಾರೆ."

"ಏನು ಕೇಳ್ತಾರೆ?"

ಅವಳು ಯಂತ್ರಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಒಬ್ಳಿಗೆ ಮಗನ ಮದ್ವೆ ಆಗ್ಬೇಕು. ಒಬ್ಳಿಗೆ ಸೈಟು ಬೇಕು. ಇನ್ನೊಬ್ಳಿಗೆ ಸೊಸೆ ತೊಲಗ್ಬೇಕು. ದೀಪ ಹಚ್ಚಿದವ್ರು ಸುಮ್ಕಿರ್ತಾರಾ? ಒಂದೊಂದು ಅರ್ಜಿ ಹಾಕ್ತಾರೆ. ನಾನಲ್ಲಿ ಕಾಲು ಕುಯ್ಸ್ಕೊಂಡು ಮಲಗಿರೋವಾಗ ನಮ್ಮ ಸಾಮಿ ಇನ್ನೊಬ್ರ ಸೈಟು ನೋಡಾಕೆ ಹೋಗ್ಬುಟ್ರೆ ನನ್ನ ಗತಿಯೇನು? ಅವ್ನು ಫ್ರೀಯಾಗಿರ್ಬೇಕು ಕಣಪ್ಪ. ಈ ಬೀದೀಲಿ ದೀಪ ಹಚ್ಚಿ ಏನೂ ಕೇಳದೆ ಎದ್ದು ಬರೋನು ನೀನೊಬ್ನೇ. ನೀನು ನಂಬಲ್ಲವಲ್ಲ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ನಿಂಗೆ ಗೊತ್ತಿತ್ತೇನಮ್ಮ? ಮತ್ತೆ ನಾಷ್ಟಿಕ ಅಂತಿದ್ದೆಯಲ್ಲ!"

"ಮೊದ್ಲು ಗೊತ್ತಿರ್ಲಿಲ್ಲ. ಆಮೇಲೆ ಮಸ್ತಾನು ಬಿಡಿಸಿ ಹೇಳ್ದ, ಆಗ್ಲೇ ಎಷ್ಟೋ ವರ್ಷ ಆಯ್ತು. ಗೊತ್ತಾಯ್ತು ಅಂತ ನಿನ್ನ ಉಪಾಸ ಕೆಡವಾಕಾಯ್ತದಾ?"

ನಂಬುವವರಿಗೆ ಒಂದು ಅನುಕೂಲವಿದೆ. ಒಳ್ಳೆಯದಾದರೆ ಯಾರಿಗೆ ಕೈಮುಗಿಯಬೇಕೆಂದು ಅವರಿಗೆ ಗೊತ್ತು. ನಾನು ಮನುಷ್ಯರ ಮುಂದೆಯೇ ಹೇಳಬೇಕು, ಅದು ಕಷ್ಟದ ಕೆಲಸ. ಹೂಂ ಎಂದು ತಲೆಯಾಡಿಸಿದೆ.

ಮೂರು ದಿನ ತರಬೇತಿ ನಡೆಯಿತು. ಸ್ನಾನ ಮಾಡಿ ಬರಬೇಕು. ಎರಡು ಬತ್ತಿ ಸೇರಿಸಿ ಒಂದು ಮಾಡಬೇಕು. ಕಡ್ಡಿಪೆಟ್ಟಿಗೆಯಿಂದ ನೇರ ದೀಪ ಹಚ್ಚಬಾರದು, ಊದುಕಡ್ಡಿಯಿಂದ ಹಚ್ಚಬೇಕು. ಬಾಯಲ್ಲಿ ಊದಿ ಆರಿಸಿದರೆ ನರಕ. ನಾನು ಊದುಕಡ್ಡಿಯನ್ನೇ ಬಾಯಿಂದ ಊದಿಬಿಟ್ಟಾಗ ನೂಲು ಸುತ್ತುವ ಹೆಂಗಸರು ಯಂತ್ರ ನಿಲ್ಲಿಸಿ ನಕ್ಕರು. ಕೊನೆಗೆ ಬೀಗದ ಕೈ ಕೊಡುತ್ತಾ ನರಸಮ್ಮ ಇನ್ನೊಮ್ಮೆ ಹೇಳಿದಳು: "ಐದು ದಿನ ಅಷ್ಟೇ, ಬತ್ತೀನಿ. ಏನೂ ಕೇಳ್ಬ್ಯಾಡ ನೋಡು. ನಂಗೋಸ್ಕರಾನೂ ಕೇಳ್ಬ್ಯಾಡ. ನನ್ನದು ನಾನೇ ಹೇಳ್ಕೊಂಡಿದೀನಿ, ಎರಡು ಸಲ ಹೇಳಿದ್ರೆ ಅವ್ನಿಗೂ ಗೊಂದ್ಲ ಆಯ್ತದೆ."

ಐದು ದಿನ ಸಲೀಸಾಗಿ ಕಳೆಯಿತು. ಬೆಳಿಗ್ಗೆ ಸಂಜೆ ಹೋಗಿ ಬತ್ತಿ ಹೊಸೆದು ದೀಪ ಹಚ್ಚಿ, ಚೌಕ ತುಂಬಿದಷ್ಟೇ ಶ್ರದ್ಧೆಯಿಂದ ಕೆಲಸ ಮುಗಿಸಿ ಬರುತ್ತಿದ್ದೆ. ಕೈ ಮುಗಿಯುತ್ತಿರಲಿಲ್ಲ, ಅದು ಒಪ್ಪಂದದಲ್ಲಿ ಇರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಮನೆಗೆ ಬಿಡುವುದು ಮಾತ್ರ ಒಂದೆರಡು ದಿನ ತಡ ಎಂದು ಲಕ್ಷ್ಮಿ ಫೋನು ಮಾಡಿದ್ದಳು. ಆರನೆಯ ದಿನ ಸಂಜೆ ನಾನು ದೀಪಕ್ಕೆ ಎಣ್ಣೆ ಹಾಕುತ್ತಿರುವಾಗ ಮತ್ತೆ ಅವಳದೇ ಫೋನು. ಈ ಸಲ ಅವಳ ಮಾತು ನೆಟ್ಟಗೆ ಬರಲಿಲ್ಲ.

"ಅಣ್ಣ, ಅಮ್ಮಂಗೆ ಉಸಿರು ಸಿಗ್ತಾ ಇಲ್ಲ. ಐಸಿಯುಗೆ ಹಾಕವ್ರೆ. ರಕ್ತ ಗಡ್ಡೆ ಕಟ್ಟಿ ಎದೆಗೆ ಹೋಗೈತಂತೆ. ಎರಡು ದಿನ ಏನೂ ಹೇಳಾಕಾಗಲ್ಲ ಅಂದ್ರು."

ಹೆಂಗಸರು ಮನೆಗೆ ಹೋಗಿಯಾಗಿತ್ತು. ಯಂತ್ರಗಳು ನಿಂತಿದ್ದವು. ನಾನು ಊದುಕಡ್ಡಿಯಿಂದ ದೀಪ ಹಚ್ಚಿ ಎಂದಿನಂತೆ ಎದ್ದು ಬರಬೇಕಾಗಿತ್ತು. ಅಲ್ಲೇ ಕೂತೆ. ಮೂವತ್ತು ವರ್ಷ ನನ್ನ ಹೊಟ್ಟೆ ನೋಡಿಕೊಂಡ ಹೆಂಗಸು ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಳೆ. ನನ್ನ ಮುಂದೆ ಅವಳ ದೇವರು ಕೆಲಸವಿಲ್ಲದೆ ಫ್ರೀಯಾಗಿ ಕೂತಿದ್ದಾನೆ. ನನಗೆ ನಂಬಿಕೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ, ಬರಲಿಲ್ಲ. ಆದರೆ ಬಾಯಿ ನಂಬಿಕೆಗೆ ಕಾಯುವುದಿಲ್ಲ. "ನರಸಮ್ಮನ್ನ..." ಎಂಬಷ್ಟು ತುಟಿಯವರೆಗೆ ಬಂದೇಬಿಟ್ಟಿತ್ತು. ಹೇಳಿದ್ದರೆ ಹೋಗುವುದೇನಿತ್ತು? ದೇವರಿಲ್ಲದಿದ್ದರೆ ಗೋಡೆಗೆ ಹೇಳಿದಂತಾಗುತ್ತಿತ್ತು, ಅಷ್ಟೇ. ಆದರೆ ಅವಳು ನನ್ನ ಹತ್ತಿರ ಕೇಳಿದ್ದು ಒಂದೇ ಒಂದನ್ನು. ತನಗೋಸ್ಕರವೂ ಕೇಳಬೇಡ ಅಂದಿದ್ದಳು. ಕೇಳಿಬಿಟ್ಟರೆ, ಅವಳು ಉಳಿದು ಬಂದರೂ ಅವಳ ಮುಖ ನೋಡುವುದು ಹೇಗೆ? ಕೈಯಿಂದ ಬಾಯಿ ಮುಚ್ಚಿಕೊಂಡು ಬೀಗ ಹಾಕಿ ಬೀದಿಗೆ ಓಡಿದೆ. ನಾನು ಬಾಯಿ ಮುಚ್ಚಿಕೊಂಡು ಅತ್ತದ್ದು ಅದೊಂದೇ ಸಲ.

ನೇರ ಮಸ್ತಾನನ ಷೆಡ್ಡಿಗೆ ಹೋದೆ. ಅವನು ಮಗ್ಗದ ಗ್ರೀಸು ಒರೆಸಿಕೊಂಡು ಸಂಜೆಯ ನಮಾಜಿಗೆ ಹೊರಡುತ್ತಿದ್ದ.

"ಮಸ್ತಾನ್, ನೀನು ಕೇಳು. ನಾನು ಕೇಳೋ ಹಾಗಿಲ್ಲ, ಮಾತು ಕೊಟ್ಟಿದ್ದೀನಿ. ಅವಳ ಸಾಮೀನ ಯಾರೂ ಮಾತಾಡಿಸಬಾರದು. ನೀನು ನಿಮ್ಮಲ್ಲಿ ಕೇಳು."

ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಪೂರ್ತಿ ಕೇಳಿ ಅವನು ನನ್ನ ಭುಜ ಹಿಡಿದುಕೊಂಡ. "ಪಾಗಲ್, ಅವ್ರು ಬೆಂಗಳೂರು ಬಸ್ಸು ಹತ್ತಿದ ದಿನದಿಂದ ಐದು ಹೊತ್ತೂ ನಾನು ಇನ್ನೇನು ಕೇಳ್ತಾ ಇದೀನಿ ಅಂದ್ಕೊಂಡೆ? ಬಾ, ಮಸೀದಿ ಮೆಟ್ಲ ಮೇಲೆ ಕೂತ್ಕೋ. ಚಪ್ಪಲಿ ನೋಡ್ಕೋ" ಅಂದ. ಕೂತೆ. ಒಳಗೆ ಅವನು ಬಾಗಿ ಏಳುತ್ತಿದ್ದುದು ಕಾಣುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಪಾಲಿನದನ್ನೂ ಹೊತ್ತುಕೊಳ್ಳುವ ಒಬ್ಬ ಗೆಳೆಯನಿದ್ದಾನಲ್ಲ ಎಂದು ಎಷ್ಟು ನೆಮ್ಮದಿಯಾಯಿತೆಂದರೆ, ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಎರಡು ದಿನವೆಂದದ್ದು ನಾಲ್ಕಾಯಿತು. ಐದನೆಯ ದಿನ ಅವಳು ಕಣ್ಣು ಬಿಟ್ಟು ಗಂಜಿ ಕುಡಿದಳು. ವೈದ್ಯರು ಗಡ್ಡೆ ಕರಗಿಸಿದ್ದರು. ನಾನು ಅವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಊರು ಬಿಟ್ಟ ಹತ್ತೊಂಬತ್ತು ದಿನಗಳ ಮೇಲೆ ನರಸಮ್ಮ ಕಾರಿನಿಂದ ಇಳಿದು, ನಾಲ್ಕು ಕಾಲಿನ ಸ್ಟ್ಯಾಂಡು ಹಿಡಿದು ಟಕ್ ಟಕ್ ಎಂದು ಹೆಜ್ಜೆಯಿಡುತ್ತಾ, ಯಾರ ಹತ್ತಿರವೂ ಮಾತಾಡದೆ ಮೊದಲು ದೇವರ ಕೋಣೆಗೆ ಹೋದಳು. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ನಾನು ಪರೀಕ್ಷೆ ಬರೆದವನ ಹಾಗೆ ಹಿಂದೆ ನಿಂತಿದ್ದೆ.

"ಸಾಮಿ ಮುಖಕ್ಕೆಲ್ಲಾ ಮಸಿ ಮೆತ್ತಿದೀಯಲ್ಲೋ. ಬತ್ತಿ ಎಷ್ಟು ದಪ್ಪ ಹಾಕ್ತಿದ್ದೆ?" ಎಂದಳು. ಸೆರಗಿನಿಂದ ಪಟದ ಗಾಜು ಒರೆಸಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಏನಾರಾ ಕೇಳ್ದೇನಪ್ಪಾ?"

"ಇಲ್ಲ ಕಣಮ್ಮ. ಬಾಯಿಗೆ ಬಂತು, ಆಚೆ ಬಿಡಲಿಲ್ಲ." ಮಸ್ತಾನನ ಹತ್ತಿರ ಓಡಿದ್ದನ್ನೂ ಮುಚ್ಚಿಡದೆ ಹೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. "ಅದು ಬ್ಯಾರೆ ಆಫೀಸು, ಪರ್ವಾಗಿಲ್ಲ" ಎಂದಳು. ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡು ಮತ್ತೆ ಹೇಳಿದಳು: "ನಾನು ಕೇಳ್ದೆ. ಉಸಿರು ಕಟ್ಟಿ ಹೋಗೇಬುಟ್ಟೆ ಅಂದ್ಕೊಂಡ್ನಲ್ಲ, ಆವಾಗ. ಅಷ್ಟು ದಿನದಿಂದ ಸಾಮೀನ ಫ್ರೀಯಾಗಿ ಕೂರ್ಸಿದ್ದು ನಂಗೋಸ್ಕರಾನೇ ಅಲ್ವಾ? ಕೇಳಾಕೆ ಹೋದ್ರೆ ನಂದೊಂದೂ ನೆಪ್ಪಿಗೆ ಬರ್ಲಿಲ್ಲ ಕಣಪ್ಪ. ಇಲ್ಲಿ ದೀಪದ ಮುಂದೆ ಬಾಯಿ ಮುಚ್ಕೊಂಡು ಕೂತಿರ್ತೀಯಲ್ಲ, ನೀನೇ ಕಣ್ಣಿಗೆ ಬಂದೆ. ಅವ್ನನ್ನ ಹಂಗೇ ಮಡಗಿರಪ್ಪಾ ಸಾಮಿ, ನನ್ನ ಕಡೆಯಿಂದ ಇದೊಂದೇ ಅಂದೆ."

ತಮಾಷೆ ಮಾಡಿ ತಪ್ಪಿಸಿಕೊಳ್ಳಲು ನೋಡಿದೆ.

"ಒಪ್ಕೊಂಡ್ನೇನಮ್ಮ, ನಿಮ್ಮ ಸಾಮಿ?" ಎಂದೆ.

ನರಸಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ದೇವರ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದೆ, ಮುಗಿದಿರಲಿಲ್ಲ.

"ಹಂಗೇ ಇದೀಯಲ್ಲ ಕಣಪ್ಪ," ಅಂದಳು. "ಇನ್ನೇನಾಗ್ಬೇಕು?"